ಖಾಲಿ ಜಮೀನು

ಶಹಾಬಾದ, 1943

ಅಂಬಾರಾಯ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ಬೆಳಿಗ್ಗೆ ಸ್ಟೇಷನ್ ಹಿಂದಿನ ನಿಮ್ಮ ಓಣಿಯನ್ನು ಕೆಡವಿದರು. ಸಾವುಕಾರನೊಬ್ಬನ ಗೋದಾಮಿಗೆ ಆ ಜಾಗ ಬೇಕಂತೆ. ನಮ್ಮ ಸರ್ವೆ ಕಚೇರಿಯ ನಕ್ಷೆ ಹಿಡಿದುಕೊಂಡು ನಾನೂ ಅಲ್ಲೇ ನಿಂತಿದ್ದೆ.

ನಿನ್ನ ಹೆಂಡತಿ ಶಿವಕಾಂತಮ್ಮ ಓಡಿ ಬಂದಳು. “ಗೋಪಾಲರಾಯರ, ಇದರಾಗ ನಮ್ಮ ಮನಿ ಎಲ್ಲದ ತೋರಸ್ರಿ. ನಕ್ಷಾದಾಗ ಇದ್ದವರಿಗಿ ಬ್ಯಾರೆ ಜಾಗಾ ಕೊಡ್ತಾರಂತ.”

ನೆಲಕ್ಕೆ ಹಾಸುವ ಫರ್ಶಿ ಕಲ್ಲು ಕಡಿಯುವವರ ಆ ನಲವತ್ತು ಮನೆಗಳಿದ್ದ ಕಡೆ ನಕ್ಷೆಯಲ್ಲಿ ನಾನೇ ‘ಖಾಲಿ ಜಮೀನು’ ಎಂದು ಬರೆದಿದ್ದೆ. ಕಚೇರಿಯ ಸಾಹೇಬರು ಹಾಗೆ ಬರೆ ಎಂದಿದ್ದರು, ಬರೆದೆ.

“ಇದರಾಗ ಇಲ್ಲವ್ವಾ,” ಎಂದೆ.

“ಅಳೀಲಿಕ್ಕ ಬಂದಾಗ ನಮ್ಮ ಮನ್ಯಾಗೇ ಕುಂತು ಮಜ್ಜಿಗಿ ಕುಡದಿದ್ರಲ್ರಿ?” ಎಂದು ನನ್ನ ಮುಖ ನೋಡಿದಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು. “ಯಾರೋ ಗೊತ್ತಿಲ್ಲದವರು ಬರದಾರ. ನೀವಾಗಿದ್ರ ನಮ್ಮನ್ನ ಬಿಡ್ತಿದ್ದಿಲ್ಲ.”

ನಾನು ಹೌದು ಎಂದೆ.

ಅವಳು ಮಕ್ಕಳನ್ನು ಕರೆದುಕೊಂಡು ಪಕ್ಕದ ಹಳ್ಳಿ ಭಂಕೂರದ ಕಡೆ ನಡೆದಳು. ಆಗಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ಮೂರು ಸಲ ಅದೇ ದಾರಿಯಲ್ಲಿ ಅರ್ಧದವರೆಗೆ ಹೋಗಿ ತಿರುಗಿ ಬಂದಿದ್ದೇನೆ.

ಗೋಪಾಲ