ಫೋಟೋದಲ್ಲಿ ನಗುತ್ತಿದ್ದವನು

ಅಪ್ಪಾ,

ನೀನು ತೀರಿಹೋದಾಗಿನಿಂದ ಬೀರುವಿನಲ್ಲೇ ಇದ್ದ ನಿನ್ನ ಬೇಸ್‌ಬಾಲ್ ಗ್ಲೌಸನ್ನು ಇವತ್ತು ಕಾನ್ಸಾಸ್ ಸಿಟಿಯ ನಮ್ಮ ಚರ್ಚಿನ ಹಳೇ ವಸ್ತುಗಳ ಪ್ರದರ್ಶನಕ್ಕೆ ಕೊಟ್ಟುಬಂದೆ. ಗಾಜಿನ ಪೆಟ್ಟಿಗೆಯ ಮೇಲೆ ಬಿಳಿಯರ ಜೊತೆ ಆಡಲು ಬಿಡದಿದ್ದ ಕಾಲದ ನಿಮ್ಮ ಕರಿಯರ ತಂಡದ ಹಳೇ ಫೋಟೋ ತೂಗುಹಾಕಿದ್ದರು.

"ಇದರಲ್ಲಿ ನಿಮ್ಮಪ್ಪ ಯಾರು, ಒಡೆಸ್ಸಾ?" ಎಂದು ಪಾದ್ರಿಯ ಹೆಂಡತಿ ಕೇಳಿದಳು.

ಮನೆಯಲ್ಲಿ ನಾನು ನಿನ್ನನ್ನು ಕಂಡಿದ್ದ ಹಾಗೆ ಮುಖ ಗಂಟಿಕ್ಕಿಕೊಂಡಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದೆ. ನೀನು ಸಿಗಲಿಲ್ಲ.

ನಿನ್ನ ಜೊತೆ ಆಡುತ್ತಿದ್ದ ಲೂಷಿಯಸ್ ಮಾಮ ಗಾಲಿಕುರ್ಚಿಯಲ್ಲೇ ಗಹಗಹಿಸಿದರು. "ಅಯ್ಯೋ ಪೆದ್ದಿ, ಹಲ್ಲು ಕಿರಿದುಕೊಂಡು ನಿಂತಿದ್ದಾನಲ್ಲ, ಅವನೇ ಕಣೇ! ಊರೂರಿಗೆ ಆಡೋಕೆ ಹೋಗ್ವಾಗ ಬಸ್ಸಲ್ಲಿ ನಮ್ಮನ್ನ ಮಲಗೋಕೇ ಬಿಡ್ತಿರಲಿಲ್ಲ, ಅಷ್ಟು ನಗಿಸೋನು!"

ಪಾದ್ರಿಯ ಹೆಂಡತಿ ನನ್ನ ಮುಖವನ್ನೇ ನೋಡಿದಳು. ಕನ್ನಡಕ ಮರೆತು ಬಂದಿದ್ದೇನೆ ಎಂದುಬಿಟ್ಟೆ.

ಕನ್ನಡಕ ನನ್ನ ಮೂಗಿನ ಮೇಲೇ ಇತ್ತು, ಅಪ್ಪಾ.