ಮಲಗಿದ್ದು ನಿದ್ದೆಗಲ್ಲ

ರೀ,

ನಾನೂ ನಿಮ್ಮ ನಾಯಿಯೂ ಬಂದು ತಲುಪಿದೆವು, ರೈಲಿನಲ್ಲಿ ಇಬ್ಬರಿಗೂ ನಿದ್ದೆಯಿಲ್ಲ. ನಿಮ್ಮ ಕಾಲು ಮುರಿಯದಿದ್ದರೆ ಇಲ್ಲಿ ನೀವಿರಬೇಕಿತ್ತು. ನಾಯಿಗಳು ಮೂಸಿ ಹುಡುಕುವ ಪಂದ್ಯಕ್ಕೆ ಖಾಲಿ ತರಗತಿಯೊಂದರಲ್ಲಿ ಲವಂಗದೆಣ್ಣೆ ಹಚ್ಚಿದ ಹತ್ತಿ ಬಚ್ಚಿಟ್ಟಿದ್ದರು. ನಮ್ಮ ನಾಯಿರಾಯರು ಬೆಂಚುಗಳನ್ನೆಲ್ಲ ಮೂಸಿ, ಕಪಾಟಿನ ಮುಂದೆ ಮಲಗಿಬಿಟ್ಟರು. ನನಗೇ ಕಾಲು ಸೋತಿತ್ತು; ಪಾಪ, ಅದಕ್ಕೂ ಸುಸ್ತು ಅಂದುಕೊಂಡು ಎಬ್ಬಿಸಿ ಎಳೆದೆ. ಮತ್ತೆ ಅಲ್ಲೇ ಹೋಗಿ ಮಲಗಿತು, ಮತ್ತೆ ಎಳೆದೆ. ಅಷ್ಟರಲ್ಲಿ ಸಮಯ ಮುಗಿಯಿತು. ತೀರ್ಪುಗಾರ್ತಿ ಕಪಾಟಿನಡಿಯಿಂದ ಹತ್ತಿ ತೆಗೆದು, "ಸಿಕ್ತು ಅಂತ ಅದು ಎರಡು ಸಲ ಹೇಳಿತಲ್ಲಮ್ಮಾ" ಅಂದರು. ವಾಸನೆ ಸಿಕ್ಕರೆ ಮಲಗುತ್ತೆ ಅಂತ ನೀವು ಬಡಕೊಂಡದ್ದು ಆಗ ನೆನಪಾಯಿತು.

ಪ್ಲಾಸ್ಟರ್ ನೆನೆಸಬೇಡಿ, ಮಾತ್ರೆ ಊಟದ ಮೇಲೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಗೆದ್ದದ್ದು ನೀನೇ ಅಂತ ಅದಕ್ಕೆ ಹೇಳಿಬಿಟ್ಟಿದ್ದೇನೆ.

ಕಣ್ಣೆಳೆಯುತ್ತಿದೆ,
ನಿಮ್ಮವಳು