ಬಿಚ್ಚಿಹೋದ ಸ್ವೆಟರು

ನವೆಂಬರ್ ೯, ಭಾನುವಾರ

ಉಣ್ಣೆಯ ಉಂಡೆಯಲ್ಲಿ ಇನ್ನೂ ಮುಳ್ಳುಗಳಿವೆ. ಒಂದೊಂದೇ ಕಿತ್ತು ಬೆರಳೆಲ್ಲ ಉರಿಯುತ್ತಿದೆ.

ಮಕ್ಕಳನ್ನು ಹಾಸ್ಟೆಲಿಗೆ ಸೇರಿಸೋಣ ಎಂದು ನಿನ್ನೆ ಇವರಿಗೆ ಹೇಳಿದವಳು ನಾನೇ. ಈ ಕಾಡಿನ ಗಾರ್ಡ್ ಕ್ವಾರ್ಟರ್ಸಿನ ಗೋಡೆ ತೆಳು, ಇಬ್ಬರೂ ಕೇಳಿಸಿಕೊಂಡಿದ್ದಾರೆ. ಬೆಳಿಗ್ಗೆ ಹಾಸಿಗೆ ಖಾಲಿ. ನಾನು ಮೊನ್ನೆಯಷ್ಟೇ ಹೆಣೆದು ಮುಗಿಸಿದ್ದ ನನ್ನ ಕೆಂಪು ಸ್ವೆಟರೂ ಇಲ್ಲ.

ಇವರು ವೈರ್‌ಲೆಸ್ ಹಿಡಿದು ಹೊಳೆಯ ಕಡೆ ಓಡಿದರು. ನನಗೆ ಹಿತ್ತಿಲ ಬೇಲಿಯಲ್ಲಿ ಕೆಂಪು ಎಳೆ ಕಂಡಿತು. ಮರದಿಂದ ಮರಕ್ಕೆ ಸುತ್ತಿ ಕಾಡಿನೊಳಗೆ ಹೋಗಿತ್ತು. ಅದನ್ನು ಉಂಡೆ ಕಟ್ಟುತ್ತಾ, ಗೊಣಗುತ್ತಾ ನಡೆದೆ. ಮಲತಾಯಿ ಮಕ್ಕಳನ್ನು ಕಾಡಿಗಟ್ಟಿದಳು ಎಂದು ಜನ ಕಥೆ ಕಟ್ಟುತ್ತಾರೆಂಬ ಭಯ ಬೇರೆ. ಎಳೆ ಮುಗಿದಲ್ಲಿ, ಬಂಡೆಯ ಮರೆಯಲ್ಲಿ, ಸ್ವೆಟರಿನಲ್ಲಿ ಉಳಿದಿದ್ದ ಒಂದೇ ತೋಳಿಗೆ ತಮ್ಮನ ಎರಡೂ ಕೈ ತೂರಿಸಿ, ಅವನನ್ನು ಅಪ್ಪಿಕೊಂಡು ಕೂತಿದ್ದಳು ಹುಡುಗಿ.

"ನನ್ನದೇ ಬೇಕಿತ್ತೇನೇ ನಿಂಗೆ? ನಿಮ್ಮಮ್ಮನ ಸ್ವೆಟರು ಪೆಟ್ಟಿಗೇಲಿತ್ತಲ್ಲ!"

"ಅಮ್ಮಂದು ಬಿಚ್ಚಿದ್ರೆ ಅಪ್ಪ ಕೂತು ಅಳ್ತಿದ್ರು. ನಿಮ್ದಾದ್ರೆ, ಬೈಯೋಕಾದ್ರೂ ನೀವು ಬಂದೇ ಬರ್ತೀರ ಅಂತ."

ಬೈದೆ. ಮನೆ ಮುಟ್ಟುವ ತನಕ ಬೈದೆ. ಇಬ್ಬರೂ ನನ್ನ ಕೈ ಬಿಡಲಿಲ್ಲ.